ಹಂಪಿಯಲ್ಲಿ ಅತ್ತೆ ಸೈಕಲ್ ಹತ್ತಿದ್ದು

೧೨ ಜನವರಿ ೧೯೯೮, ಸೋಮವಾರ

ನಿನ್ನೆ ಹಂಪಿಗೆ ಹೋಗಿ ಬಂದೆವು. ಇನ್ನು ಈ ಕೊಟ್ಟೂರಿನಲ್ಲಿ ತಲೆಯೆತ್ತಿ ತಿರುಗುವುದು ಹೇಗೋ ತಿಳಿಯದು. ಯಾರ ಮುಂದೂ ಹೇಳಿಕೊಳ್ಳುವಂತಿಲ್ಲ. ಹೊಸ ವರ್ಷಕ್ಕೆ ಅಂಗಡಿಗೆ ಬಂದ ಡೈರಿ ಖಾಲಿ ಬಿದ್ದಿತ್ತು, ಇದರಲ್ಲೇ ಬರೆಯುತ್ತೇನೆ. ಅತ್ತೆ ಅಂಗಡಿಯಲ್ಲಿದ್ದಾರೆ. ಇವರು ಉಂಡು ಮಲಗಿದ್ದಾರೆ.

ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಒಂದು ಟ್ರ್ಯಾಕ್ಸ್ ಗಾಡಿ ಬಾಡಿಗೆಗೆ ಮಾಡಿಕೊಂಡಿದ್ದೆವು. ಮಾವ ತೀರಿಹೋಗಿ ಎರಡು ವರ್ಷವಾಯಿತು. ಅಂದಿನಿಂದ ಅತ್ತೆ ಮನೆ, ಪಾತ್ರೆ ಅಂಗಡಿ, ಸೋಮವಾರದ ಗುಡಿ ಬಿಟ್ಟರೆ ಎಲ್ಲಿಗೂ ಹೋದವರಲ್ಲ. 'ನೀವೂ ಬರ್ರಿ ನಾಗಲಿಂಗಮ್ಮಾರ' ಎಂದು ಎಲ್ಲರೂ ಒತ್ತಾಯ ಮಾಡಿದರು. ನಾನೂ ಮಾಡಿದೆ. ಒಳಗೊಳಗೆ ಮಾತ್ರ ಅವರು ಒಲ್ಲೆ ಅನ್ನಲಿ ಅಂತಿತ್ತು. ಅನ್ನಲಿಲ್ಲ. ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಕಿಟಕಿಯ ಪಕ್ಕ ಕುಳಿತರು.

ವಿರೂಪಾಕ್ಷನ ದರ್ಶನದ ತನಕ ಎಲ್ಲ ಸರಿಯಿತ್ತು. ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಗೈಡ್ ತೋರಿಸಿದ. ನಾವೆಲ್ಲ 'ಹೌದಲ್ಲ' ಎಂದು ಹೊರಗೆ ಬಂದೆವು. ಅತ್ತೆ ಮಾತ್ರ ಬರಲಿಲ್ಲ. ಹೋಗಿ ನೋಡಿದರೆ ಸೊಂಟ ಬಗ್ಗಿಸಿ ತಲೆ ಕೆಳಗೆ ಮಾಡಿ ನಿಂತಿದ್ದಾರೆ! 'ಹಿಂಗ ನಿಂತ್ರ ಕಳಸ ಮ್ಯಾಲಾಗ್ತೈತಿ, ಬಾ ನೋಡು' ಎಂದರು. ಹಿಂದೆ ಸರತಿಯಲ್ಲಿದ್ದವರೆಲ್ಲ ನಕ್ಕರು.

ಹರಗೋಲಿನಲ್ಲಿ ನಾವು ಒಬ್ಬರನ್ನೊಬ್ಬರು ತಬ್ಬಿಕೊಂಡು ಚೀರುತ್ತಿದ್ದರೆ ಅತ್ತೆ ಅಂಬಿಗನಿಗೆ, 'ಒಂದು ಸಲ ಗಿರಿಗಿರಿ ತಿರುಗ್ಸಪ್ಪ. ನಂದು ಮಾಗಳ, ಇದೇ ಹೊಳಿ ದಂಡ್ಯಾಗ ಹುಟ್ಟಿದಾಕಿ ನಾನು' ಎಂದರು. ಅವನು ತಿರುಗಿಸಿದ. ನಮ್ಮ ಪಕ್ಕದ ಮನೆಯ ಶಿವಬಸಮ್ಮನವರು ಬೆಳಿಗ್ಗೆ ತಿಂದದ್ದನ್ನೆಲ್ಲ ಹೊಳೆಗೆ ಬಿಟ್ಟರು. ವಿಠ್ಠಲನ ಗುಡಿಯಲ್ಲಿ ಅತ್ತೆ ಸಂಗೀತದ ಕಂಬಕ್ಕೆ ಕಿವಿ ಹಚ್ಚಿ, ಅಂಗಡಿಯಲ್ಲಿ ತಂಬಿಗೆ ಬಡಿದು ಸದ್ದಿನಿಂದ ಗಟ್ಟಿತನ ನೋಡುವ ಹಾಗೆ ಬೆರಳಿನಿಂದ ಬಡಿದರು. ಕಾವಲುಗಾರ ಗದರಿದ. 'ನೀನೂ ಒಂದು ಸಲ ಕೇಳಪ್ಪ, ದಿನಾ ಇಲ್ಲೇ ಇರ್ತೀ' ಎಂದರು ಅವನಿಗೇ.

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ.

ರೊಟ್ಟಿಗಂಟು ಬಿಚ್ಚಿ ಉಂಡು, ಕಮಲಮಹಲು ನೋಡಿ, ಆನೆಲಾಯದ ಮುಂದಿನ ಬಯಲಿಗೆ ಬಂದೆವು. ಅಲ್ಲೊಬ್ಬ ಫೋಟೋಗ್ರಾಫರ್. ಮಾದರಿಗೆಂದು ತಾನು ತೆಗೆದ ಫೋಟೋಗಳನ್ನು ಒಂದು ಹಲಗೆಗೆ ಅಂಟಿಸಿ ಅದನ್ನು ಕೊರಳಿಗೆ ನೇತುಹಾಕಿಕೊಂಡಿದ್ದ. ಬಂದವರ ತಲೆಗೆ ಟೋಪಿ ಹಾಕಿ, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿ ಫೋಟೋ ತೆಗೆಯುತ್ತಿದ್ದ. ನಮ್ಮವರೆಲ್ಲ ನಾಚಿ ಹಿಂದೆ ಸರಿದರು. ಅತ್ತೆ ಮುಂದೆ ಹೋದರು. ಟೋಪಿ ಹಾಕಿಸಿಕೊಂಡರು, ಕನ್ನಡಕ ಹಾಕಿಸಿಕೊಂಡರು. ಅಷ್ಟರಲ್ಲಿ ಒಬ್ಬ ಫಾರಿನ್ ಹುಡುಗಿ ತನ್ನ ಬಾಡಿಗೆ ಸೈಕಲ್ ನಿಲ್ಲಿಸಿ ಮರದ ಕೆಳಗೆ ನೀರು ಕುಡಿಯುವುದು ಅವರ ಕಣ್ಣಿಗೆ ಬಿತ್ತು. ಹೋಗಿ ಹ್ಯಾಂಡಲ್ ಮುಟ್ಟಿ, ತಮ್ಮ ಎದೆ ಮುಟ್ಟಿಕೊಂಡು, ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು ತೋರಿಸಿದರು. ಅವಳು ನಗುತ್ತ ತಲೆಯಾಡಿಸಿದಳು.

'ಸೈಕಲ್ ಹಿಡಕೊಂಡು ನಿಂದರ್ರಿ ಅಮ್ಮಾರ, ಚಲೋ ಬರ್ತೈತಿ' ಎಂದ ಫೋಟೋದವನು.

'ಹಿಡಕೊಂಡು ನಿಂದ್ರಾಕ ಸೈಕಲ್ ಯಾಕ ಬೇಕು?' ಎಂದರು ಅತ್ತೆ. ಚಪ್ಪಲಿಯನ್ನೂ ಕೈಚೀಲವನ್ನೂ ನನ್ನ ಕೈಗಿಟ್ಟು ಹತ್ತಿಯೇಬಿಟ್ಟರು.

ಮೊದಲು ಸ್ವಲ್ಪ ವಾಲಾಡಿದರು. ಯಾವಾಗ ಕಲಿತಿದ್ದರೋ, ಆಮೇಲೆ ನೆಟ್ಟಗೆ ಹೋದರು. ಸೀರೆ ಮೊಣಕಾಲ ಹತ್ತಿರ, ಸೆರಗು ಹೆಗಲ ಮೇಲೆ, ತಲೆಯ ಮೇಲೆ ಟೋಪಿ. ಹಣೆಯಲ್ಲಿ ಬರೀ ವಿಭೂತಿಯಿರುವ ಹೆಂಗಸು, ಈ ವಯಸ್ಸಿನಲ್ಲಿ! ಬಯಲಿನಲ್ಲಿದ್ದ ಜನರೆಲ್ಲ ಎದ್ದು ನಿಂತು ನೋಡಿದರು. ಕೆಲವರು ಸೀಟಿ ಹೊಡೆದರು. ಒಂದು ಸುತ್ತಲ್ಲ, ಎರಡು ಸುತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆ ಹೊತ್ತಿಗೇ ನನ್ನ ಕಾಲೇಜಿನ ಗೆಳತಿ ಸುಕನ್ಯಾ ಸಿಗಬೇಕೇ? ಹರಪನಹಳ್ಳಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಗಂಡನ ಜೊತೆ ಬಂದಿದ್ದಳು. ಏನೋ ಕೇಳಿದಳು, ಏನೋ ಹೇಳಿ ಸಾಗಹಾಕಿದೆ.

೧೪ ಜನವರಿ, ಸಂಕ್ರಾಂತಿ

ಮೊನ್ನೆ ಬರೆದದ್ದರಲ್ಲಿ ಒಂದನ್ನು ಬಿಟ್ಟಿದ್ದೇನೆ. ನನ್ನ ಡೈರಿಯಲ್ಲೇ ನಾನು ಮುಚ್ಚಿಡುವುದೇನು? ಬರೆದುಬಿಡುತ್ತೇನೆ.

'ಆ ಅಜ್ಜಿ ಯಾರೇ? ನಿಮ್ಮ ಜೊತೆಗೆ ಬಂದಿರೋದಾ?' ಎಂದು ಸುಕನ್ಯಾ ಕೇಳಿದಳು. ನಾನು, 'ಗೊತ್ತಿಲ್ಲ ಕಣೇ, ಯಾರೋ ನಮ್ಮ ಗಾಡಿಯೊಳಗೆ ಬಂದಿದ್ದಾರೆ' ಎಂದೆ. ನನ್ನ ಕೈಯಲ್ಲಿ ಅತ್ತೆಯ ಚಪ್ಪಲಿ ಇದ್ದವು.

ಆಗ ಅತ್ತೆ ಒಂದು ಸುತ್ತು ಮುಗಿಸಿ ನಮ್ಮ ಹತ್ತಿರವೇ ಬಂದಿದ್ದರು. ಕೇಳಿಸಿರಲಿಕ್ಕಿಲ್ಲ. ಗಾಳಿ ಇತ್ತು, ಜನ ಕೂಗುತ್ತಿದ್ದರು.

ಯಾರಾದರೂ ಹಾಗೇ ಹೇಳುತ್ತಿದ್ದರು.

೨೦ ಜನವರಿ, ಮಂಗಳವಾರ

ಅತ್ತೆ ನನ್ನ ಮುಂದೆ ಹಂಪಿಯ ಮಾತು ಎತ್ತುವುದಿಲ್ಲ. ಅಂಗಡಿಗೆ ಬಂದ ಹೆಣ್ಣುಮಕ್ಕಳ ಮುಂದೆ ಎತ್ತುತ್ತಾರಂತೆ. ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ಅತ್ತೆಯೇ. ಹಳ್ಳಿಯ ಹೆಂಗಸರು ಆ ಹೊತ್ತನ್ನೇ ನೋಡಿಕೊಂಡು ಬರುತ್ತಾರೆ. ಮಗಳ ಮದುವೆಗೆ ಎಂಥ ಕೊಡ, ಎಷ್ಟು ತೂಕದ ಪರಾತ ಎಂದು ಅವರನ್ನೇ ಕೇಳಿ ಒಯ್ಯುತ್ತಾರೆ. 'ನಿಮ್ಮವ್ವ ಕುಂತ ಮ್ಯಾಲೆ ವ್ಯಾಪಾರ ಕುದುರೈತಿ' ಎಂದು ಎದುರಂಗಡಿಯವರೂ ಇವರಿಗೆ ಹೇಳಿದರಂತೆ.

ಸೈಕಲ್ ವಿಷಯ ಅಲ್ಲಿಂದ ಊರಿಗೆ ಹಬ್ಬಿದರೆ ಏನು ಗತಿ?

೨೭ ಜನವರಿ, ಮಂಗಳವಾರ

ಹಬ್ಬಿತು. ನಾನು ಅಂಜಿದ ದಾರಿಯಿಂದಲ್ಲ, ಬೇರೆ ದಾರಿಯಿಂದ.

ಇವರ ಚಿಕ್ಕಪ್ಪ ಮರುಳಪ್ಪನವರು ಮಾವನ ಬೆನ್ನಿಗೆ ಹುಟ್ಟಿದವರು. ಮಾವ ಹೋದ ಮೇಲೆ ಮನೆಯಲ್ಲಿ ಅವರದೇ ಮಾತು. ಅವರ ಮಗ ಕೊಟ್ರಸ್ವಾಮಿ ನಿನ್ನೆ ರಜೆಯೆಂದು ಗೆಳೆಯರ ಜೊತೆ ಹಂಪಿಗೆ ಹೋಗಿದ್ದನಂತೆ. ಆ ಫೋಟೋಗ್ರಾಫರನ ಹಲಗೆಯ ನಟ್ಟನಡುವೆ ದೊಡ್ಡಮ್ಮನ ಫೋಟೋ! ಟೋಪಿ, ಕನ್ನಡಕ, ಸೈಕಲ್. ಗೆಳೆಯರು ನೋಡಿದರಂತೆ, ಬಸ್ಸಿನಲ್ಲಿ ಬರುವಾಗ ಅದೇ ಮಾತಂತೆ. ಬೆಳಗಾಗುವುದರೊಳಗೆ ಬಜಾರಿನ ತುಂಬ ಆಗಿದೆ.

ಮರುಳಪ್ಪನವರು ಬಂದು ಪಡಸಾಲೆಯಲ್ಲಿ ಕುಳಿತರು. ನೀರು ಕೊಟ್ಟರೆ ಮುಟ್ಟಲಿಲ್ಲ.

'ಅತ್ತಿಗೆವ್ವ, ನಮ್ಮಣ್ಣ ಹೋಗಿ ಎಷ್ಟು ದಿನ ಆತು?'

ಅತ್ತೆ ಕಂಬಕ್ಕೆ ಆತು ನಿಂತಿದ್ದರು.

'ಬಜಾರದಾಗ ನಮ್ಮ ಮನಿತನದ ಹೆಸರು ಹೇಳಿ ನಗಾಕತ್ಯಾರ. ಇನ್ನ ಮ್ಯಾಲೆ ಅಂಗಡಿ ಕಡಿ ಹೋಗಬ್ಯಾಡ್ರಿ. ಮಧ್ಯಾಹ್ನ ಕೊಟ್ರಸ್ವಾಮಿ ಕುಂದರ್ತಾನ.'

ಇವರು ನೆಲ ನೋಡುತ್ತ ಕೂತಿದ್ದರು. 'ಅವ್ವ ಹೋಗ್ತಾಳ' ಎಂದೂ ಅನ್ನಲಿಲ್ಲ, 'ಹೋಗಲ್ಲ' ಎಂದೂ ಅನ್ನಲಿಲ್ಲ.

ಆಮೇಲೆ ಮರುಳಪ್ಪನವರು ನನ್ನ ಕಡೆ ತಿರುಗಿದರು. 'ಶಾಂಭವಿ, ನೀ ಓದಿದಾಕಿ. ಸಂಗಡ ಇದ್ದಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲೇನು?'

'ಅಂದೆ ರೀ. ಎಷ್ಟು ಬ್ಯಾಡ ಅಂದ್ರೂ ಅತ್ತಿ ಕೇಳಲಿಲ್ಲ' ಎಂದೆ.

ಒಂದು ಸಲವೂ ನಾನು ಬೇಡ ಅಂದಿರಲಿಲ್ಲ. ಅನ್ನುವಷ್ಟು ಧೈರ್ಯ ಎಲ್ಲಿತ್ತು? ಚಪ್ಪಲಿ ಹಿಡಿದು ನಿಂತವಳು ನಾನು. ಅತ್ತೆ ನನ್ನನ್ನು ನೋಡಿದರು. 'ಸುಳ್ಳು' ಅನ್ನುತ್ತಾರೆಂದು ಕಾದೆ. ಸುಮ್ಮನೆ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

೨೮ ಜನವರಿ

ಅತ್ತೆ ಇವತ್ತು ಅಂಗಡಿಗೆ ಹೋಗಲಿಲ್ಲ.

೨ ಫೆಬ್ರವರಿ, ಸೋಮವಾರ

ಗುಡಿಗೂ ಹೋಗಲಿಲ್ಲ. 'ಮೊಣಕಾಲು ನೋಯ್ತಾವು' ಎಂದರು. ಮೂರು ವಾರದ ಹಿಂದೆ ಆ ಕಾಲುಗಳು ಸೈಕಲ್ ತುಳಿದಿದ್ದವು.

೪ ಫೆಬ್ರವರಿ, ಬುಧವಾರ

ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ಹುಲುಗಮ್ಮ ಎಂಬುವವರು ಬಂದಿದ್ದರು. ಮಗಳ ಮದುವೆಯ ಪಾತ್ರೆ ತೆಗೆಯಬೇಕಂತೆ. ಅಂಗಡಿಯಲ್ಲಿ ಕೊಟ್ರಸ್ವಾಮಿಯನ್ನು ನೋಡಿ ಅಲ್ಲಿಂದ ಮನೆ ಹುಡುಕಿಕೊಂಡು ಬಂದುಬಿಟ್ಟಿದ್ದಾರೆ.

'ಅಮ್ಮಾರು ಅದಾರೇನ್ರಿ? ಅಂಗಡ್ಯಾಗಿನ ಆ ಹುಡುಗ ಹಿತ್ತಾಳಿ ಯಾವುದು ಕಂಚು ಯಾವುದು ಅಂದ್ರ ನನ್ನ ಮುಖ ನೋಡ್ತಾನ.'

ನಾನು ಒಳಗೆ ಹೋಗಿ ಕೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಮೊರದಿಂದ ಕಣ್ಣೆತ್ತದೆ, 'ಇಲ್ಲ ಅಂತ ಹೇಳು' ಎಂದರು.

ಹೊರಗೆ ಬಂದು, 'ಇಲ್ಲ ರೀ, ಊರಿಗೆ ಹೋಗ್ಯಾರ' ಎಂದೆ. ಅಷ್ಟರಲ್ಲಿ ಒಳಗಿಂದ ಕೆಮ್ಮು ಕೇಳಿಸಿತು. ಹುಲುಗಮ್ಮ ಒಂದು ಕ್ಷಣ ನನ್ನ ಮುಖ ನೋಡಿದರು.

'ಹೋಗ್ಲಿ ಬಿಡವಾ. ಕೆಮ್ಮಿದವರು ಯಾರೋ ಅವರಿಗೆ ಕಷಾಯ ಮಾಡಿಕೊಡು' ಎಂದು ಎದ್ದು ಹೋದರು.

ಬಾಗಿಲ ಹಿಂದೆ ಬಹಳ ಹೊತ್ತು ನಿಂತಿದ್ದೆ. ಅವತ್ತು ಹಂಪಿಯಲ್ಲಿ ನಾನೇ ಬಾಯಿಬಿಟ್ಟು ಅತ್ತೆಯನ್ನು ಅಲ್ಲಗಳೆದೆ. ಇವತ್ತು ಅವರೇ ತಮ್ಮನ್ನು ಇಲ್ಲ ಅನ್ನಿಸಿಕೊಂಡರು. ಎರಡು ಸಲವೂ ಹೇಳಿದ ಬಾಯಿ ನನ್ನದೇ.

ಎಲ್ಲಕ್ಕೂ ಆ ಹಲಗೆಯ ಫೋಟೋ ಕಾರಣ. ಅದು ಅಲ್ಲಿರುವ ತನಕ ನಮ್ಮ ಕಡೆಯವರು ಯಾರಾದರೂ ಹೋಗಿ ನೋಡುತ್ತಲೇ ಇರುತ್ತಾರೆ. ಅದನ್ನು ತೆಗೆಸಿದರೆ ಬಾಯಿಗಳು ಮುಚ್ಚಿಯಾವು. ಮರುಳಪ್ಪನವರೂ ತಣ್ಣಗಾದಾರು.

೧೨ ಫೆಬ್ರವರಿ, ಗುರುವಾರ

ನಿನ್ನೆ ಹೋಗಿದ್ದೆ.

ಹರಪನಹಳ್ಳಿಯ ತವರಿಗೆ ಹೋಗಿ ನಮ್ಮವ್ವನನ್ನು ನೋಡಿಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೊಸಪೇಟೆಯ ಬಸ್ಸು ಹತ್ತಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ನಿಂತಷ್ಟು ಹೊತ್ತೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದೆ. ಅಲ್ಲಿ ಇವರ ಕಡೆಯ ನೆಂಟರು ಬಹಳ. ಒಬ್ಬಳೇ ಅಷ್ಟು ದೂರ ಹೋದದ್ದು ಇದೇ ಮೊದಲು.

ಫೋಟೋಗ್ರಾಫರ್ ಅಲ್ಲೇ ಆನೆಲಾಯದ ಮುಂದೆ ಇದ್ದ. ಹೆಸರು ತಿಪ್ಪೇಶ. ನಾನು ಮುಖದ ಮೇಲಿನ ಸೆರಗು ಸರಿಸಿ, 'ಆ ಸೈಕಲ್ ಮ್ಯಾಲಿನ ಅಮ್ಮಾರ ಫೋಟೋ ತಗೀಬೇಕ್ರಿ. ಅವರ ಮನಿಯವರಿಗೆ ತ್ರಾಸ ಆಗೇತಿ' ಎಂದೆ.

ಅವನು ವಾದ ಮಾಡಲಿಲ್ಲ. ಮುಖ ಸಣ್ಣದಾಯಿತು, ಅಷ್ಟೇ. ಹಲಗೆ ಕೆಳಗಿಟ್ಟು ಉಗುರಿನಿಂದ ಅಂಚು ಬಿಡಿಸುತ್ತ ಹೇಳಿದ: 'ನಾನಾಗಿ ಹಾಕಿದ್ದಲ್ಲ ಅಕ್ಕಾರ. ವಿಳಾಸ ಕೊಡ್ರಿ, ಪೋಸ್ಟಿಗೆ ಹಾಕ್ತೀನಿ ಅಂದೆ. ಅಮ್ಮಾರು ಬ್ಯಾಡ ಅಂದ್ರು. ಮನಿಯಾಗ ಇದನ್ನ ಇಡಾಕ ಜಾಗ ಇಲ್ಲಪ್ಪ, ನಿನ್ನ ಹಲಗಿ ಮ್ಯಾಲೆ ಇರ್ಲಿ, ನಾಕು ಮಂದಿ ನೋಡ್ಲಿ ಅಂದ್ರು.'

ನಮ್ಮದು ಮೂರು ಅಂಕಣದ ಮನೆ. ಗೋಡೆಯ ತುಂಬ ಫೋಟೋಗಳಿವೆ. ಮಾವನದು, ಮಾವನ ಅಪ್ಪನದು, ಮರುಳಪ್ಪನವರು ಮಂತ್ರಿಯೊಬ್ಬರಿಗೆ ಹಾರ ಹಾಕಿದ್ದು, ನಮ್ಮ ಮದುವೆಯದು. ಅತ್ತೆಯದು ಒಂದೂ ಇಲ್ಲ. ನಾಲ್ಕು ವರ್ಷದಿಂದ ಆ ಗೋಡೆಯ ಧೂಳು ಒರೆಸುತ್ತಿದ್ದೇನೆ, ಇದು ಕಣ್ಣಿಗೆ ಬಿದ್ದಿರಲಿಲ್ಲ.

ಅವನು ಫೋಟೋ ನನ್ನ ಕೈಗೆ ಕೊಟ್ಟ. ಆಗಲೇ ನಾನು ಅದನ್ನು ಸರಿಯಾಗಿ ನೋಡಿದ್ದು. ಹಿಂದೆ ಆನೆಲಾಯದ ಕಮಾನುಗಳು. ಮುಂದೆ ಅತ್ತೆ ಪೆಡಲಿನ ಮೇಲೆ ಎದ್ದು ನಿಂತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಜಾರಿದೆ. ಬಾಯಿ ತೆರೆದು ನಗುತ್ತಿದ್ದಾರೆ, ಒಳಗಿನ ಬಿದ್ದ ಹಲ್ಲಿನ ಸಂದೂ ಕಾಣುತ್ತದೆ. ನಾನು ಈ ಮನೆಗೆ ಬಂದಾಗಿನಿಂದ ಅವರು ಹಾಗೆ ನಕ್ಕದ್ದನ್ನು ನೋಡಿಲ್ಲ.

ಅಂಚಿನಲ್ಲಿ ಒಬ್ಬಳು ನಿಂತಿದ್ದಳು. ಎಡಗೈಯಲ್ಲಿ ಚಪ್ಪಲಿ, ಬಲಗೈಯಲ್ಲಿ ಸೆರಗು ಹಿಡಿದು ಮುಖ ಮುಚ್ಚಿಕೊಂಡು ಆಚೆ ತಿರುಗಿದ್ದಳು. ಎದುರಿಗೆ ಹೆಣ ಹೊರಟಿದ್ದರೆ ತಿರುಗುವ ಹಾಗೆ.

'ಅಂಥ ಫೋಟೋ ವರ್ಷಕ್ಕ ಒಂದು ಸಿಕ್ಕರ ಹೆಚ್ಚು' ಎಂದ ತಿಪ್ಪೇಶ. 'ಈ ಬಾಜೂಕಿನಾಕಿ ಯಾರೋ ಏನೋ, ಕೆಡಿಸಿಬಿಟ್ಟಾಳ ನೋಡ್ರಿ. ಕತ್ತರಿಸಬೇಕು ಅಂದ್ಕೊಂಡಿದ್ದೆ.'

'ಕತ್ತರಿಸಿಬಿಡ್ರಿ' ಎಂದೆ.

'ಕತ್ತರಿಸಿದ್ರ ಸೈಕಲ್ ಹಿಂದಿನ ಗಾಲಿನೂ ಹೋಗ್ತೈತ್ರಿ. ಇರ್ಲಿ, ಮಂದಿ ಅಮ್ಮಾರನ್ನ ನೋಡ್ತಾರ, ಆಕಿನ್ನ ಯಾರು ನೋಡ್ತಾರ?'

ಅವನಿಗೆ ಗುರುತು ಸಿಗಲಿಲ್ಲ. 'ಅದು ನಾನೇ' ಎಂದು ಹೇಳಲು ನಾಲಿಗೆ ಏಳಲಿಲ್ಲ. ಫೋಟೋ ತಿರುಗಿ ಅವನ ಕೈಗೆ ಕೊಟ್ಟೆ. 'ಅಲ್ಲೇ ಹಚ್ರಿ, ಎಲ್ಲಿತ್ತೋ ಅಲ್ಲೇ' ಎಂದೆ.

ಯಾಕೆ ಹಾಗಂದೆ? ತೆಗೆಸಲೆಂದೇ ಅಷ್ಟು ದೂರ ಹೋದವಳು. ಬಸ್ಸಿನಲ್ಲಿ ಬರುವಾಗಲೂ ಯೋಚಿಸಿದೆ, ಉತ್ತರ ಸಿಗಲಿಲ್ಲ. ಕಿಟಕಿಯ ಪಕ್ಕ ಕೂತಿದ್ದೆ. ಹಗರಿಬೊಮ್ಮನಹಳ್ಳಿ ಯಾವಾಗ ದಾಟಿತೋ ಗೊತ್ತಾಗಲಿಲ್ಲ.

೧೩ ಫೆಬ್ರವರಿ, ಶುಕ್ರವಾರ

ಸಿಕ್ಕಿಬಿದ್ದೆ. ನಾನು ಹಂಪಿಯಲ್ಲಿದ್ದ ದಿನವೇ ಹರಪನಹಳ್ಳಿಯಿಂದ ನಮ್ಮಣ್ಣ ಅಂಗಡಿಗೆ ಫೋನ್ ಮಾಡಿ, 'ಶಾಂಭವಿ ಹೇಗಿದ್ದಾಳೆ, ಬಹಳ ದಿನ ಆಯ್ತು ನೋಡಿ' ಎಂದು ಕೇಳಿದ್ದಾನೆ. ಫೋನ್ ಎತ್ತಿದವನು ಕೊಟ್ರಸ್ವಾಮಿ. ಇವತ್ತು ಮರುಳಪ್ಪನವರು ಬಂದರು. ಇವರೂ ಅಂಗಡಿಯಲ್ಲಿ ಕೊಟ್ರಸ್ವಾಮಿಯನ್ನು ಕೂರಿಸಿ ಬಂದಿದ್ದರು.

'ಎಲ್ಲಿಗಿ ಹೋಗಿದ್ದಿ?' ಇವರು ಕೇಳಿದರು. ನಾಲ್ಕು ವರ್ಷದಲ್ಲಿ ನಾನು ಇವರಿಗೆ ಹಾಗೆ ಸುಳ್ಳು ಹೇಳಿದ್ದು ಇಲ್ಲ.

'ಹಂಪಿಗಿ. ಹಲಗಿ ಮ್ಯಾಲಿನ ಫೋಟೋ ತಗಿಸಾಕ ಹೋಗಿದ್ದೆ.'

ಮರುಳಪ್ಪನವರ ಮುಖ ಸ್ವಲ್ಪ ಸಡಿಲವಾಯಿತು. 'ಹೇಳಿ ಹೋಗಬೇಕಿತ್ತು. ಆತು, ತಗಿಸಿ ಬಂದ್ಯಲ್ಲ?'

'ಇಲ್ಲ ರೀ. ಅಲ್ಲೇ ಬಿಟ್ಟು ಬಂದೆ.'

'ಅಂದ್ರ?'

'ನೋಡಿದ ಮ್ಯಾಲೆ ತಗಿಸಾಕ ಮನಸಾಗಲಿಲ್ಲ.' ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲು ಆಗಲಿಲ್ಲ. 'ಇನ್ನೊಂದು ರೀ. ಅವತ್ತು ನಾನು ಅತ್ತಿಗಿ ಬ್ಯಾಡ ಅಂದಿದ್ದಿಲ್ಲ. ನಿಮ್ಮ ಮುಂದ ಸುಳ್ಳು ಹೇಳಿದೆ.'

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಲ್ಲಿಂದಲೇ ಅತ್ತೆ ಹೇಳಿದರು: 'ನೀ ಬ್ಯಾಡ ಅಂದಿದ್ರೂ ನಾ ಹತ್ತತಿದ್ದೆ ಬಿಡು.' ಮತ್ತೆ ರೊಟ್ಟಿ ಬಡಿಯತೊಡಗಿದರು.

ಮರುಳಪ್ಪನವರು ಎದ್ದರು. 'ಅತ್ತಿಗೂ ಸೊಸಿಗೂ ಒಂದೇ ಗಾಳಿ ಬಡದೈತಿ. ಸೋಮಶೇಖರ, ನಿನ್ನ ಮನಿ ನೀ ನೋಡ್ಕೋ. ನಾ ಇನ್ನ ಈ ಹೊಸ್ತಿಲ ತುಳಿಯಂಗಿಲ್ಲ' ಎಂದು ಇವರಿಗೆ ಹೇಳಿದರು. ಚಪ್ಪಲಿ ಮೆಟ್ಟಿಕೊಂಡು ಹೋದರು. ಇವರು ಅವರ ಹಿಂದೆ ಬಾಗಿಲ ತನಕ ಹೋಗಿ ನಿಂತರು. ನನ್ನ ಜೊತೆ ಮಾತಾಡಿಲ್ಲ. ಊಟವನ್ನೂ ಅತ್ತೆಯ ಕೈಯಿಂದಲೇ ಬಡಿಸಿಕೊಂಡರು.

೧೪ ಫೆಬ್ರವರಿ, ಶನಿವಾರ

ಇವತ್ತು ಹಿತ್ತಲಲ್ಲಿ ಅತ್ತೆ ಬಟ್ಟೆ ಹಿಂಡಿ ಕೊಡುತ್ತಿದ್ದರು, ನಾನು ಒಣಹಾಕುತ್ತಿದ್ದೆ. ಹಗ್ಗದ ಮೇಲಿನ ಸೀರೆ ನಮ್ಮಿಬ್ಬರ ನಡುವೆ ಇತ್ತು. ಮುಖ ಕಾಣದಿದ್ದಾಗ ಕೇಳುವುದು ಸುಲಭವೆನ್ನಿಸಿತು.

'ಅತ್ತೀ, ಅವತ್ತು ಆನೆಲಾಯದ ಮುಂದ ನನ್ನ ಗೆಳತಿ, ನೀವು ಯಾರು ಅಂತ ಕೇಳಿದಾಗ ನಾನು...'

'ಗೊತ್ತಿಲ್ಲ ಅಂದಿ.'

ಕೈಯಲ್ಲಿದ್ದ ಬಟ್ಟೆ ಜಾರಿ ಮಣ್ಣಿಗೆ ಬಿತ್ತು. 'ಕೇಳಿಸಿತ್ತಾ?'

'ಕೇಳಿಸ್ತು. ಇಳಿಯಾಕ ಬಂದಾಕಿ ನಾನು, ಬ್ರೇಕ್ ಹಿಡಿದಿದ್ದೆ. ಅದನ್ನ ಕೇಳಿ ಮತ್ತೊಂದು ಸುತ್ತು ಹೊಡದೆ.'

ನಾನು ಅಳತೊಡಗಿದೆ. ಅತ್ತೆ ಹತ್ತಿರ ಬಂದು ಕಣ್ಣೊರೆಸಲಿಲ್ಲ, ಬೆನ್ನು ಸವರಲಿಲ್ಲ. ಮಣ್ಣಾದ ಬಟ್ಟೆಯನ್ನು ಎತ್ತಿ ಮತ್ತೆ ಬಕೀಟಿಗೆ ಹಾಕಿದರು.

'ಹೊಟ್ಟಿ ಉರೀತು ಶಾಂಭವಿ, ಸುಳ್ಳು ಹೇಳೂದಿಲ್ಲ. ನೀನೂ ಹಂಗ ಅಂದಿಯಲ್ಲ ಅಂತ. ಕೆಳಗ ಇಳದಿದ್ರ ನಿನ್ನ ಮುಖ ನೋಡಬೇಕಾಗ್ತಿತ್ತು. ಅದಕ್ಕ ತುಳದೆ.' ಬಟ್ಟೆ ಜಾಲಿಸುತ್ತ, 'ಎರಡನೇ ಸುತ್ತು ಭಾಳ ಚಲೋ ಬಂತು' ಎಂದರು.

ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ಗೊತ್ತಾಗಲಿಲ್ಲ. ಕೇಳಲು ಮುಖವಿಲ್ಲ.

೧೮ ಫೆಬ್ರವರಿ, ಬುಧವಾರ

ಕೊಟ್ರಸ್ವಾಮಿಯನ್ನು ಅವರಪ್ಪ ಅಂಗಡಿಗೆ ಕಳಿಸುವುದು ನಿಲ್ಲಿಸಿದ್ದಾರೆ. ಇವರು ಮಧ್ಯಾಹ್ನ ಬಾಗಿಲು ಹಾಕಿ ಬಂದು, ಗಬಗಬ ಉಂಡು, ಓಡುತ್ತಿದ್ದರು. ಇವತ್ತು ಉಂಡವರು ಅಂಗಡಿಯ ಕೀಲಿಯನ್ನು ಪಡಸಾಲೆಯ ಮೊಳೆಗೆ ಸಿಗಿಸಿ, ಗೋಡೆಗೆ ಹೇಳುವವರ ಹಾಗೆ, 'ಕೀಲಿ ಇಲ್ಲಿ ಐತಿ' ಎಂದು ಹೇಳಿ ಮಲಗಿದರು. ನಿದ್ದೆ ಬಂದಿರಲಿಲ್ಲ, ಕಣ್ಣುರೆಪ್ಪೆ ಆಡುತ್ತಿದ್ದವು.

ಅತ್ತೆ ಕೀಲಿಯನ್ನು ನೋಡಿದರು. ಮುಟ್ಟಲಿಲ್ಲ.

೨೦ ಫೆಬ್ರವರಿ, ಶುಕ್ರವಾರ

ಇವತ್ತು ಕೀಲಿ ತೆಗೆದುಕೊಂಡರು. ಬಾಗಿಲಲ್ಲಿ ನಿಂತು, 'ನೀನೂ ಬಾ. ಮ್ಯಾಲಿನ ಹಲಗ್ಯಾಗಿನ ಕೊಡ ನನಗ ಎಟಕೂದಿಲ್ಲ' ಎಂದರು. ನಾನು ಈ ಮನೆಗೆ ಬಂದಾಗಿನಿಂದ ಅಂಗಡಿಯ ಒಳಗೆ ಕೂತವಳಲ್ಲ.

ಬಜಾರಿನ ನಡುವೆ ನಡೆದೆವು. ಎದುರಂಗಡಿಯವರು ತಕ್ಕಡಿ ಬಿಟ್ಟು ನೋಡಿದರು. ಬೀಡಿ ಅಂಗಡಿಯ ಮುಂದೆ ಯಾರೋ ಸೈಕಲ್ ಬೆಲ್ಲಿನ ಹಾಗೆ ಬಾಯಲ್ಲಿ 'ಟ್ರಿಣ್ ಟ್ರಿಣ್' ಅಂದರು, ನಗು ಎದ್ದಿತು. ನನ್ನ ಕಿವಿ ಕೆಂಡವಾಯಿತು. ಅತ್ತೆಗೆ ಕೇಳಿಸಿರಬೇಕು, ಅವರಿಗೆ ಎಲ್ಲ ಕೇಳಿಸುತ್ತದೆ. ಹೆಜ್ಜೆ ಮಾತ್ರ ತಪ್ಪಲಿಲ್ಲ. ನಾನು ಅವರ ಪಕ್ಕವೇ ನಡೆದೆ. ನಾಚಿಕೆ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಹಡಗಲಿ ಕಡೆಯ ಗಂಡ-ಹೆಂಡತಿ ಬಂದರು. ಹೆಂಗಸು ಒಂದು ಹಿತ್ತಾಳೆ ತಂಬಿಗೆ ಎತ್ತಿ ಬೆಲೆ ಕೇಳಿದಳು. ಅತ್ತೆ ನನ್ನ ಕಡೆ ಕೈ ತೋರಿಸಿದರು. ಬೆಲೆಗಳನ್ನು ಆಗಲೇ ನನಗೆ ಹೇಳಿಕೊಟ್ಟಿದ್ದರು. ರಸ್ತೆಯಲ್ಲಿ ಗಂಡಸರು ನಿಂತಿದ್ದರು. ನಾನು ತಲೆ ತಗ್ಗಿಸಿ, ಆಕೆಗಷ್ಟೇ ಕೇಳುವ ಹಾಗೆ ಏನೋ ಗೊಣಗಿದೆ. ಆಕೆಗೂ ಕೇಳಿಸಲಿಲ್ಲ.

'ಗಟ್ಟಿಯಾಗಿ ಹೇಳು' ಎಂದರು ಅತ್ತೆ. 'ತಂಬಿಗಿ ಮಾರಾಕ ಕುಂತೀವಿ, ಗುಟ್ಟು ಮಾರಾಕಲ್ಲ.'

ಗಟ್ಟಿಯಾಗಿ ಹೇಳಿದೆ. ಎದುರಂಗಡಿಯವರಿಗೂ ಕೇಳಿಸುವಷ್ಟು.

'ಭಾಳ ಆತಲ್ಲ' ಎಂದಳು ಹೆಂಗಸು.

'ಬಡದು ನೋಡ್ರಿ' ಎಂದೆ.